ಚಾವಡಿಯಲ್ಲಿ ನಡೆದ ಬ್ಯಾಂಕು

ಕಟ್ಟಡಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಗೋಡೆಗಲ್ಲ, ನಕ್ಷೆಗೆ. ಹಳೆಯ ಕಟ್ಟಡವೊಂದರ ನಕ್ಷೆಯನ್ನು ಮುಂದಿಟ್ಟುಕೊಂಡು ಯಾವ ಭಾಗ ಎಷ್ಟು ಮುಖ್ಯ ಎಂಬುದನ್ನು ಬಣ್ಣದಲ್ಲಿ ಹೇಳಬೇಕು. ನೆದರ್‌ಲೆಂಡ್ಸ್‌ನಲ್ಲಿ ನೀಲಿ ಎಂದರೆ ಮುಟ್ಟಬೇಡಿ, ಹಸಿರು ಎಂದರೆ ಉಳಿದರೆ ಒಳ್ಳೆಯದು, ಹಳದಿ ಎಂದರೆ ಇದ್ದರೂ ಒಂದೇ ಹೋದರೂ ಒಂದೇ. 2016ರಲ್ಲಿ ಒಂದು ಮನೆಗೆ ನಾನು ಹಚ್ಚಿದ ನೀಲಿಯನ್ನು ನನ್ನನ್ನು ಒಂದು ಮಾತು ಕೇಳದೆ ಹಳದಿ ಮಾಡಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಆಗ ನಾನು ಯುಟ್ರೆಕ್ಟ್‌ನ ಸಣ್ಣ ಕಚೇರಿಯೊಂದರಲ್ಲಿದ್ದೆ. ಹಳೆಯ ಕಟ್ಟಡಗಳನ್ನು ಅಳೆದು, ಕೆರೆದು ನೋಡಿ, ಅವುಗಳ ವಯಸ್ಸು ಮತ್ತು ಯೋಗ್ಯತೆ ಹೇಳುವ ಕಚೇರಿ. ದೇಶದ ನೈಋತ್ಯ ಅಂಚಿನಲ್ಲಿ ಬೆಲ್ಜಿಯಂ ಗಡಿಗೆ ಅಂಟಿಕೊಂಡ ಒಂದು ಪುರಸಭೆ ನಮಗೆ ಕೆಲಸ ಕೊಟ್ಟಿತು. ಅಲ್ಲಿನ ಹಳ್ಳಿಗಳಲ್ಲಿ ಬ್ಯಾಂಕಿನ ಶಾಖೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಈ ಗಡಿಸೀಮೆಯ ಬ್ಯಾಂಕುಗಳ ಮತ್ತು ಹೆಗ್ಗುರುತುಗಳ ಚರಿತ್ರೆ ಬರೆದುಕೊಡಿ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂದು ತಿಳಿಸಿ ಎಂದರು. ಕೇಳಿ ಹಿಗ್ಗಿದೆ. ನಾನು ಉಡುಪಿ ಕಡೆಯವಳು. ಊರೂರಿಗೊಂದು ಬ್ಯಾಂಕು ಹುಟ್ಟಿದ ಕರಾವಳಿಯಿಂದ ಬಂದವಳಿಗೆ ಬ್ಯಾಂಕಿನ ಚರಿತ್ರೆ ಎಂದರೆ ಮನೆಯ ಸುದ್ದಿಯಿದ್ದ ಹಾಗೆ.

ಕೆಲಸದ ಕ್ರಮ ಹೀಗಿತ್ತು. ರೈಲಿನಲ್ಲಿ ಹೋಗಿ ಇಳಿಯುವುದು, ನಿಲ್ದಾಣದಲ್ಲಿ ಬಾಡಿಗೆ ಸೈಕಲ್ ಹಿಡಿಯುವುದು, ಹಳ್ಳಿ ಹಳ್ಳಿ ಸುತ್ತಿ ಸಾರ್ವಜನಿಕ ರಸ್ತೆಯಿಂದ ಕಾಣುವಷ್ಟನ್ನು ಮಾತ್ರ ನೋಡಿ ಫೋಟೋ ತೆಗೆದು ಅಂಕ ಕೊಡುವುದು. ಒಳಗೆ ಹೋಗುವಂತಿಲ್ಲ. ಹೋದರೆ ಸಮಯ ಹಿಡಿಯುತ್ತದೆ, ಆ ಸಮಯಕ್ಕೆ ದುಡ್ಡು ಕೊಡಲು ಗಿರಾಕಿ ಒಪ್ಪಿರುವುದಿಲ್ಲ. ನೀರಿನ ಗೋಪುರ, ಗಡಿಯ ಹಳೆಯ ಸುಂಕದ ಮನೆ, ಸಕ್ಕರೆ ಕಾರ್ಖಾನೆಯ ಚಿಮಣಿ ಎಲ್ಲವೂ ರಸ್ತೆಯಿಂದಲೇ ಅಂಕ ಬಾಚಿಕೊಂಡವು. ಬ್ಯಾಂಕುಗಳಲ್ಲಿ ಪೇಟೆ ಮೂಲೆಯ ಕಲ್ಲಿನ ಕಟ್ಟಡಕ್ಕೆ ಎಲ್ಲಕ್ಕಿಂತ ಹೆಚ್ಚು. ಅದರ ಬಾಗಿಲ ಮೇಲೆ ಉಳಿತಾಯದ ಗುರುತಾಗಿ ಜೇನುಗೂಡು ಕೆತ್ತಿದ್ದರು. ನಮ್ಮ ಕಚೇರಿಯ ಮುಖ್ಯಸ್ಥ ಆ ಜೇನುಗೂಡಿನ ಫೋಟೋವನ್ನು ವರದಿಯ ಮುಖಪುಟಕ್ಕೆ ಅವತ್ತೇ ಆರಿಸಿಟ್ಟ.

ಡಚ್ಚರು ಬೀದಿ ಕಡೆಯ ಕಿಟಕಿಗೆ ಪರದೆ ಎಳೆಯುವುದು ಕಡಿಮೆ. ನಮ್ಮಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬ ಹೆಮ್ಮೆ. ಆ ಹೆಮ್ಮೆಯಿಂದಲೇ ನನಗೆ ಆ ಕೋಣೆ ಕಂಡಿತು. ಗಡಿಗೆ ಹತ್ತಿರದ ಹಳ್ಳಿಯೊಂದರ ತಿರುವಿನಲ್ಲಿ ಸಾಧಾರಣ ಇಟ್ಟಿಗೆ ಮನೆ, ಅದರ ಮುಂದಿನ ಕೋಣೆಯಲ್ಲಿ ಹೆಂಗಸರ ಸಲೂನು. ಕೂದಲು ಒಣಗಿಸುವ ಯಂತ್ರದ ಕೆಳಗೆ ಒಬ್ಬ ಅಜ್ಜಿ ಕುಳಿತಿದ್ದಳು. ಅವಳ ಹಿಂದೆ, ಶಾಂಪೂ ಬಾಟಲಿಗಳ ಸಾಲು ಹೊತ್ತುಕೊಂಡು, ಕಡೆದ ಮರದ ಸರಳುಗಳಿದ್ದ ಒಂದು ಕಟಕಟೆ. ನಡುವೆ ಕೈ ತೂರಿಸುವಷ್ಟು ಕಿಂಡಿ. ನಮ್ಮ ಸಹಕಾರಿ ಸಂಘಗಳಲ್ಲಿ ಕ್ಯಾಷಿಯರ್ ಕೂರುತ್ತಿದ್ದ ಮರದ ಗೂಡು ನೋಡಿದವರಿಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ನಾನು ಸೈಕಲ್ ನಿಲ್ಲಿಸಿ ಗಾಜಿಗೆ ಮುಖ ಒತ್ತಿದೆ.

ಸಲೂನಿನವಳು ಬಾಗಿಲು ತೆರೆದಳು. ಐವತ್ತು ದಾಟಿದವಳು, ಕೈಯಲ್ಲಿ ಬಾಚಣಿಗೆ. ನಮ್ಮ ಮಾತೆಲ್ಲ ನಡೆದದ್ದು ಡಚ್ಚಿನಲ್ಲಿ. ಆದರೆ ಅವಳು ನನ್ನ ನೆನಪಿಗೆ ಬರುವುದು ಕನ್ನಡದಲ್ಲೇ.

"ಒಳಗೆ ಬಾ. ಗಾಜಿಗೆ ಮೂಗು ಒತ್ಬೇಡ, ಈಗಷ್ಟೇ ಒರೆಸಿದೀನಿ."

"ಆ ಕಟಕಟೆ ಎಲ್ಲಿಂದ ಬಂತು?"

"ಎಲ್ಲಿಂದಾನೂ ಬಂದಿಲ್ಲ. ನಾನು ಬಂದಾಗ್ಲೇ ಇತ್ತು. ಇದು ಮೊದಲು ಬ್ಯಾಂಕಾಗಿತ್ತಂತೆ."

ಯಂತ್ರದ ಕೆಳಗಿದ್ದ ಅಜ್ಜಿ ತಲೆ ಹೊರಗೆ ಹಾಕಿದಳು. "ಅಂತೆ ಅಲ್ಲ, ಆಗಿತ್ತು! ಭಾನುವಾರ ಚರ್ಚು ಮುಗಿಸ್ಕೊಂಡು ನಮ್ಮಪ್ಪ ಸೀದಾ ಇಲ್ಲಿಗೇ ಬರ್ತಿದ್ರು. ಶಾಲೆ ಮೇಷ್ಟ್ರೇ ಕ್ಯಾಷಿಯರು, ಅವರ ಮನೇನೇ ಬ್ಯಾಂಕು. ನಾವು ಮಕ್ಕಳೆಲ್ಲ ಕೋಣೆ ಹೊರಗೆ ಆ ಬೆಂಚಿನ ಮೇಲೆ."

ಬೆಂಚು ನಡುಮನೆಯ ದಾರಿಯಲ್ಲಿ ಇನ್ನೂ ಇತ್ತು, ಗೋಡೆಗೆ ಸೇರಿಸಿ ಕಟ್ಟಿದ್ದು. ಕುಳಿತು ಕುಳಿತು ಹಲಗೆ ತಗ್ಗಾಗಿತ್ತು.

ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಈ ಸೀಮೆಯ ರೈತರ ಬ್ಯಾಂಕುಗಳು ಹುಟ್ಟಿದ್ದು ಕಲ್ಲಿನ ಕಟ್ಟಡಗಳಲ್ಲಿ ಅಲ್ಲ, ಕ್ಯಾಷಿಯರನ ಮನೆಯ ಮುಂದಿನ ಕೋಣೆಗಳಲ್ಲಿ. ನಮ್ಮ ಕಡೆ ಅದಕ್ಕೆ ಚಾವಡಿ ಎನ್ನುತ್ತೇವೆ. ಮನೆಗೂ ಸೇರಿದ ಊರಿಗೂ ಸೇರಿದ ಜಾಗ. ಕಲ್ಲು, ಜೇನುಗೂಡು ಎಲ್ಲ ಆಮೇಲೆ, ಕೈ ತುಂಬಿದ ಮೇಲೆ ಬಂದದ್ದು. ನಾವು ಬೇರು ಬಿಟ್ಟು ಹೂವಿಗೆ ಅಂಕ ಕೊಡುತ್ತಿದ್ದೆವು. ಇಂಥ ಕೋಣೆಗಳು ಒಂದೊಂದಾಗಿ ಮಾಯವಾಗಿದ್ದವು. ನಾನು ನೋಡಿದ ಹಳ್ಳಿಗಳಲ್ಲಿ ಬೆಂಚು, ಕಟಕಟೆಗಳ ಸಮೇತ ಉಳಿದದ್ದು ಇದೊಂದೇ.

ಮನೆ ಪುರಸಭೆಯದು. ಸಲೂನಿನವಳು ಬಾಡಿಗೆಗಿದ್ದಳು, ಮೇಲೆ ವಾಸ, ಕೆಳಗೆ ಕೆಲಸ. ತಿರುವನ್ನು ಅಗಲ ಮಾಡಿ ಬಸ್ಸು ತಿರುಗಲು ಮತ್ತು ಕಾರು ನಿಲ್ಲಿಸಲು ಜಾಗ ಮಾಡುವ ಯೋಜನೆ ಆಗಲೇ ತಯಾರಿತ್ತು. ನಮ್ಮ ವರದಿಯಲ್ಲಿ ಮನೆ ಹಳದಿ ಎಂದಾದರೆ ಕೆಡವಲು ಯಾವ ಅಡ್ಡಿಯೂ ಇರಲಿಲ್ಲ.

"ಇದು ಹೋದ್ರೆ ನಾನು ಎಲ್ಲಿಗೆ ಹೋಗ್ಲಿ?" ಎಂದಳು. "ನನ್ನ ಗಿರಾಕಿಗಳೆಲ್ಲ ವಾಕರ್ ತಳ್ಕೊಂಡು ಬರೋರು. ಅವರಿಗೆ ವಾರಕ್ಕೊಂದ್ಸಲ ಮನೆಯಿಂದ ಹೊರಗೆ ಬರೋಕೆ ಇದೇ ನೆಪ."

ಕಚೇರಿಗೆ ಬಂದು ಹೇಳಿದೆ. ಮುಖ್ಯಸ್ಥ ಒಂದು ಕಪ್ ಕಾಫಿ ಕೊಟ್ಟ, ಜೊತೆಗೆ ಎಂದಿನಂತೆ ಒಂದೇ ಬಿಸ್ಕತ್ತು. ನಂತರ ಪುರಸಭೆಯ ಅಧಿಕಾರಿಗೆ ಫೋನ್ ಮಾಡಿದ. ಆ ಅಧಿಕಾರಿಯ ಬಳಿ ಉತ್ತರ ಸಿದ್ಧವಾಗಿತ್ತು. ಕಟಕಟೆಯನ್ನು ಅಲಂಕಾರಕ್ಕೆಂದು ಯಾರೋ ಹಳೆ ಸಾಮಾನಿನ ಸಂತೆಯಿಂದ ತಂದು ಕೂರಿಸಿರಬೇಕು, ಮುದುಕಿಯರ ನೆನಪನ್ನು ನಂಬಲಾಗದು. ನೋಡದೆ, ಕಾಲಿಡದೆ, ಫೋನಿನಲ್ಲಿ! ನನ್ನ ಮೈ ಉರಿಯಿತು. ಆದರೆ ಒಂದು ಮಾತು ಅವನು ಸರಿಯಾಗಿಯೇ ಕೇಳಿದ್ದ: ಪುರಾವೆ ಏನು?

ಪುರಾವೆ ಹುಡುಕಲು ಕಚೇರಿ ಸಮಯ ಕೊಡಲಿಲ್ಲ. ರಜೆ ಹಾಕಿ ಹೋದೆ. ಸೋಮವಾರ ಸಲೂನು ಮುಚ್ಚಿರುತ್ತದೆ, ಅವತ್ತು ಬಾ ಎಂದಿದ್ದಳು.

ಮರದ ಕೆಲಸದ ವಯಸ್ಸು ಅದರ ಬಣ್ಣದ ಪದರಗಳಲ್ಲಿರುತ್ತದೆ. ಮನೆಯ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿಯುವವನು ಕಟಕಟೆಗೂ ಅದೇ ಡಬ್ಬಿಯಿಂದ ಬಳಿಯುತ್ತಾನೆ. ಸಂತೆಯಿಂದ ತಂದ ಕಟಕಟೆಯಾದರೆ ಅದರ ಪದರಗಳು ಬೇರೆಯವರ ಮನೆಯ ಕಥೆ ಹೇಳುತ್ತವೆ. ಶಸ್ತ್ರಚಿಕಿತ್ಸೆಯ ಸಣ್ಣ ಚಾಕುವಿನಿಂದ ಕಿಟಕಿ ಚೌಕಟ್ಟಿನ ಮೂಲೆಯಲ್ಲಿ ಬೆರಳಗಲ ಕೆರೆದೆ. ಒಂದೊಂದು ಪದರವನ್ನೂ ಮೆಟ್ಟಿಲಿನ ಹಾಗೆ ಸ್ವಲ್ಪ ಸ್ವಲ್ಪ ಬಿಡಿಸುತ್ತ ಮರದವರೆಗೆ ಇಳಿಯಬೇಕು, ಅವಸರ ಮಾಡಿದರೆ ಎರಡು ಪದರ ಒಟ್ಟಿಗೆ ಎದ್ದು ಬರುತ್ತವೆ. ಬಿಳಿಯ ಕೆಳಗೆ ಕೆನೆ, ಅದರ ಕೆಳಗೆ ಗಿಳಿಹಸಿರು, ಮತ್ತೆ ಕೆನೆ, ಕೊನೆಗೆ ಮರದ ಗೆರೆಗಳಂತೆ ಬಾಚಣಿಗೆ ಎಳೆದ ಕಂದು. ಆಮೇಲೆ ಕಟಕಟೆಯ ಹಿಂಬದಿಯಲ್ಲಿ ಕೆರೆದೆ. ಬಿಳಿ, ಕೆನೆ, ಗಿಳಿಹಸಿರು, ಕೆನೆ, ಬಾಚಿದ ಕಂದು. ಭೂತಗನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದೆ. ಎರಡೂ ಒಂದೇ ಮನೆಯಲ್ಲಿ ಒಟ್ಟಿಗೆ ಮುಪ್ಪಾದವು.

ಮುಂದಿನದು ಗೋಡೆ. ಕೋಣೆಯ ಒಳಗಿನ ಅಳತೆ, ದಾರಿಯ ಅಳತೆ, ಹೊರಗಿನ ಅಳತೆ ಮೂರನ್ನೂ ಕೂಡಿಸಿದರೆ ತಾಳೆಯಾಗಬೇಕು. ಆಗಲಿಲ್ಲ. ತಲೆ ತೊಳೆಯುವ ಬೇಸಿನ್ನಿನ ಹಿಂದೆ ಗೋಡೆ ಇರಬೇಕಾದ್ದಕ್ಕಿಂತ ತುಂಬ ದಪ್ಪವಿತ್ತು. ಒಡೆಯಲು ಪುರಸಭೆಯ ಅನುಮತಿ ಬೇಕು, ಕೇಳಿದರೆ ಕೊಡುವುದಿಲ್ಲವೆಂದು ಗೊತ್ತು. ಬೇಸಿನ್ ಕೂರಿಸುವಾಗ ಪ್ಲಂಬರ್ ಕೊರೆದ ತೂತು ಪೈಪಿನ ಪಕ್ಕದಲ್ಲಿ ಹಾಗೇ ಇತ್ತು. ಅದರೊಳಗೆ ಕೊಳವೆ ಕ್ಯಾಮೆರಾ ಇಳಿಸಿದೆ. ಪರದೆಯ ಮೇಲೆ ಮೊದಲು ಧೂಳು, ನಂತರ ಇಟ್ಟಿಗೆಯ ಕಮಾನು, ಅದರ ಕೆಳಗೆ ಕಬ್ಬಿಣದ ಬಾಗಿಲಿನ ಅಂಚು ಮತ್ತು ಒಂದು ದಪ್ಪ ತಿರುಗಣಿ.

"ತಿಜೋರಿ!" ಎಂದೆ.

ಅವಳು ಪರದೆ ನೋಡಿ, ಬೇಸಿನ್ ನೋಡಿ, ಗಟ್ಟಿಯಾಗಿ ನಕ್ಕಳು. "ಇಷ್ಟು ವರ್ಷ ಊರಿನವರ ತಲೆಯೆಲ್ಲ ತಿಜೋರಿಗೆ ಒರಗಿಸಿ ತೊಳೆದಿದೀನಿ ಹಾಗಾದ್ರೆ."

ನಾನು ನಕ್ಷೆ ಬರೆದೆ. ಕಟಕಟೆ, ಬೆಂಚು, ತಿಜೋರಿಯ ಗೋಡೆ ನೀಲಿ. ಮನೆಯ ಉಳಿದ ಭಾಗ ಹಸಿರು. ಬೇಸಿನ್ನು, ಪೈಪು, ಕನ್ನಡಿ, ಒಣಗಿಸುವ ಯಂತ್ರಗಳು ಆಮೇಲೆ ಬಂದ ಸೇರ್ಪಡೆ. ನಿಯಮದ ಪ್ರಕಾರ ಹಳದಿ. ವಿವರವಾದ ಟಿಪ್ಪಣಿ ಬರೆದು ಒಪ್ಪಿಸಿದೆ.

ಕರಡು ವರದಿ ಪುರಸಭೆಗೆ ಹೋಗುವ ಹಿಂದಿನ ದಿನ ನನ್ನ ಮೇಜಿಗೆ ಬಂತು, ಸಹಿಗೆ. ಜೇನುಗೂಡು ಮುಖಪುಟದಲ್ಲಿ ಮಿಂಚುತ್ತಿತ್ತು. ಸಲೂನಿನ ಮನೆಯ ಪುಟ ತೆರೆದೆ. ಇಡೀ ಮನೆ ಹಳದಿ. ನನ್ನ ಟಿಪ್ಪಣಿ ಎರಡು ಸಾಲಿಗೆ ಇಳಿದಿತ್ತು: ಹಿಂದೆ ಇಲ್ಲಿ ಬ್ಯಾಂಕು ನಡೆಯುತ್ತಿತ್ತೆಂದು ಸ್ಥಳೀಯರು ಹೇಳುತ್ತಾರೆ, ರಸ್ತೆಯಿಂದ ಗುರುತಿಸಬಹುದಾದ ಲಕ್ಷಣಗಳಿಲ್ಲ.

ಎದ್ದು ಮುಖ್ಯಸ್ಥನ ಬಳಿ ಹೋದೆ. ಅವನು ಸಿಟ್ಟಾಗುವವನಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತದೆ.

"ಬಣ್ಣ ಬದಲಾಯಿಸಿದ್ದು ಯಾರು?"

"ತಂಡ ಚರ್ಚೆ ಮಾಡಿ ತೀರ್ಮಾನಿಸ್ತು."

"ತಂಡದಲ್ಲಿ ನಾನಿಲ್ವಾ? ಆ ಮನೆಯೊಳಗೆ ಹೋದವಳು ನಾನೊಬ್ಬಳೇ."

"ಅದೇ ಸಮಸ್ಯೆ ನೋಡು. ನಾವು ಎಲ್ಲವನ್ನೂ ರಸ್ತೆಯಿಂದ ನೋಡಿದೀವಿ. ಒಂದೇ ಮನೆಯನ್ನ ಒಳಗಿಂದ ನೋಡಿದ್ರೆ ಬೇರೆಯವಕ್ಕೆ ಅನ್ಯಾಯ ಅಲ್ವಾ? ನಿನ್ನ ಕೆಲಸ ಚೆನ್ನಾಗಿದೆ. ಬೇರೆ ಕಡೆ ಒಂದು ಲೇಖನ ಬರಿ. ಇಲ್ಲಿ ಗಿರಾಕಿ ಕೇಳಿದ್ದು ಬ್ಯಾಂಕ್ ಕಟ್ಟಡಗಳ ಚರಿತ್ರೆ. ಅದು ಬ್ಯಾಂಕಿನ ಹಾಗೆ ಕಾಣಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇವರು ತಮ್ಮನ್ನು ನೇರ ಮಾತಿನ ಜನ ಎಂದು ಹೇಳಿಕೊಳ್ಳುತ್ತಾರೆ. ನನ್ನ ಉಚ್ಚಾರಣೆ, ನನ್ನ ಡಬ್ಬಿಯ ಊಟದ ವಾಸನೆ ಎಲ್ಲದರ ಬಗ್ಗೆಯೂ ಮುಖಕ್ಕೆ ಹೊಡೆದ ಹಾಗೆ ಹೇಳಿದವರು, ಪುರಸಭೆಗೆ ಕಾರು ನಿಲ್ಲಿಸಲು ಜಾಗ ಬೇಕು ಎಂಬ ಒಂದು ವಾಕ್ಯವನ್ನು ನೇರವಾಗಿ ಹೇಳಲಾರದೆ ಹೋದರು. ನಾನು ಸಹಿ ಹಾಕದೆ ವರದಿಯನ್ನು ಮನೆಗೆ ತಂದೆ.

ನನ್ನ ಗಂಡ ಬೆಂಗಳೂರಿನವನು, ಟಿಲ್‌ಬರ್ಗ್‌ನ ಗೋದಾಮು ಕಂಪನಿಯೊಂದರಲ್ಲಿ ಸಿಸ್ಟಮ್ಸ್ ನೋಡಿಕೊಳ್ಳುತ್ತಿದ್ದ. ಈ ದೇಶದಲ್ಲಿ ಇರಲು ಇಬ್ಬರಿಗೂ ಪರ್ಮಿಟ್ ಇದ್ದದ್ದು ನನ್ನ ಕೆಲಸದ ಮೇಲೆ. ತಾನು ಇಲ್ಲಿ ಬರೀ ಹೆಂಡತಿಯ ಗಂಡ ಎಂದು ಅವನು ತಮಾಷೆ ಮಾಡುತ್ತಿದ್ದ. ಅವತ್ತು ಮಾಡಲಿಲ್ಲ.

"ನೋಡು, ಪ್ರಿನ್ಸಿಪಲ್ ಎಲ್ಲಾ ಓಕೆ. ಆದ್ರೆ ಕಾಂಟ್ರಾಕ್ಟ್ ರಿನ್ಯೂ ಆಗ್ಲಿಲ್ಲ ಅಂದ್ರೆ ಮೂರು ತಿಂಗಳೊಳಗೆ ಬೇರೆ ಜಾಬ್ ಹುಡುಕ್ಬೇಕು, ಇಲ್ಲಾಂದ್ರೆ ಇಬ್ರೂ ಪ್ಯಾಕಪ್. ಒಂದು ಸಲೂನಿಗೋಸ್ಕರ ಇಷ್ಟೊಂದು ರಿಸ್ಕಾ?"

"ಸಲೂನಿಗಲ್ಲ. ನಾನು ಕಣ್ಣಾರೆ ನೋಡಿದ್ದನ್ನು ನೋಡೇ ಇಲ್ಲ ಅಂತ ನನ್ನ ಕೈಯಲ್ಲೇ ಬರೆಸುದು ಎಂತ ಮರ್ಯಾದೆ?"

"ನಂಗೆ ಅರ್ಥ ಆಗುತ್ತೆ. ಆದ್ರೂ ಯೋಚ್ನೆ ಮಾಡು ಅಂದೆ ಅಷ್ಟೇ."

ಅಷ್ಟರಲ್ಲಿ ಊರಿನಿಂದ ಅಮ್ಮನ ಕರೆ ಬಂತು. ನನ್ನ ದನಿ ಕೇಳಿಯೇ ಏನೋ ಆಗಿದೆ ಎಂದು ತಿಳಿದು ಬಿಡಿಸಿ ಬಿಡಿಸಿ ಕೇಳಿದರು. ಎಲ್ಲ ಹೇಳಿದೆ.

"ಅಲ್ಲ ಮಾರಾಯ್ತಿ, ನಮ್ಮ ಪೇಟೆ ಬ್ಯಾಂಕ್ ಸುರು ಆದದ್ದು ಜವಳಿ ಅಂಗಡಿ ಮಾಳಿಗೆಯಲ್ಲಿ ಅಲ್ವಾ? ಈಗ ಅಲ್ಲಿ ಎಂತ ಉಂಟು ಹೇಳು. ಮೊಬೈಲ್ ಅಂಗಡಿ. ಒಂದು ಬೋರ್ಡ್ ಸಹ ಇಲ್ಲ. ಆಗ ಬೇಡ ಅಂತ ಹೇಳುವವರು ಒಬ್ಬರೂ ಇರ್ಲಿಲ್ಲ."

"ಈಗ ನಾನು ಎಂತ ಮಾಡುದು ಅಮ್ಮ?"

"ನೀನು ಹೇಳುವವಳು ಅಲ್ವಾ? ಹೇಳು. ಕೆಲಸ ಹೋದ್ರೆ ಇನ್ನೊಂದು ಸಿಗ್ತದೆ. ಅನ್ನಕ್ಕೆ ತತ್ವಾರ ಇಲ್ಲ."

ಗಂಡ ಪಕ್ಕದಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡ. "ಅತ್ತೆ ಒಬ್ಬರೇ ಸಾಕು, ನಮ್ಮನ್ನ ಡಿಪೋರ್ಟ್ ಮಾಡಿಸೋಕೆ," ಎಂದು ಎದ್ದು ಅನ್ನಕ್ಕಿಟ್ಟ. ಅದು ಅವನ ಒಪ್ಪಿಗೆ.

ಮರುದಿನ ವರದಿಯಿಂದ ನನ್ನ ಹೆಸರು ತೆಗೆಯಲು ಹೇಳಿದೆ. ಮುಖ್ಯಸ್ಥ ಬೇಸರಪಟ್ಟುಕೊಂಡೇ ತೆಗೆದ, ಹಳದಿಯನ್ನು ಮಾತ್ರ ತೆಗೆಯಲಿಲ್ಲ.

ಇಲ್ಲಿ ಪುರಸಭೆಯ ಸಮಿತಿ ಕೂಡಿದಾಗ ಊರಿನ ಯಾರು ಬೇಕಾದರೂ ಹೆಸರು ಕೊಟ್ಟು ಐದು ನಿಮಿಷ ಮಾತಾಡಬಹುದು. ನಡೆದದ್ದೆಲ್ಲವನ್ನೂ ನನ್ನಿಂದ ಕೇಳಿ ತಿಳಿದ ಸಲೂನಿನವಳು ಹೆಸರು ಕೊಟ್ಟಳು. ಸಭೆಯ ಸಂಜೆ ಅವಳ ಗಿರಾಕಿಗಳು ವಾಕರುಗಳ ಸಮೇತ ಬಂದು ಹಿಂದಿನ ಸಾಲುಗಳಲ್ಲಿ ತುಂಬಿಕೊಂಡರು. ಎಲ್ಲರ ತಲೆಯೂ ಅಚ್ಚುಕಟ್ಟು. ನಾನು ಅವರ ನಡುವೆ ಕುಳಿತೆ. ನಮ್ಮ ಮುಖ್ಯಸ್ಥ ಮುಂದಿನ ಸಾಲಿನಲ್ಲಿ, ವರದಿ ಒಪ್ಪಿಸಲು ಬಂದಿದ್ದ.

ಅವಳು ಬರೆದು ತಂದಿರಲಿಲ್ಲ. ಕಟಕಟೆ, ಬೆಂಚು, ಗೋಡೆಯೊಳಗಿನ ತಿಜೋರಿ ಎಲ್ಲ ಹೇಳಿದಳು. ಅಧ್ಯಕ್ಷೆ ವರದಿಯ ಪುಟ ತಿರುವಿದಳು.

"ತಜ್ಞರ ವರದಿಯಲ್ಲಿ ತಿಜೋರಿಯ ಮಾತೇ ಇಲ್ಲವಲ್ಲ. ನಿಮಗೆ ಇದನ್ನು ಹೇಳಿದವರು ಯಾರು?"

ಸಲೂನಿನವಳು ಬಾಯಿ ಬಿಡಲಿಲ್ಲ. ನನ್ನ ಹೆಸರು ಹೇಳಿದರೆ ನನಗೇನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಿರುಗಿ ನನ್ನ ಕಡೆ ನೋಡಲೂ ಇಲ್ಲ, ಮೇಜಿನ ಅಂಚು ಹಿಡಿದು ನಿಂತಳು. ತನ್ನ ಮನೆಯನ್ನೇ ಕಳೆದುಕೊಳ್ಳಲಿದ್ದವಳು ನನ್ನನ್ನು ಉಳಿಸುತ್ತಿದ್ದಾಳೆ! ನಾನು ಎದ್ದು ನಿಂತೆ.

"ನಾನು. ಆ ಮನೆ ಅಳೆದವಳು ನಾನು. ನನ್ನ ನಕ್ಷೆಯಲ್ಲಿ ಅದು ನೀಲಿ ಇತ್ತು."

ಮುಖ್ಯಸ್ಥ ತಿರುಗಿ ನೋಡಿದ. ಮೊದಲ ಸಲ ಅವನ ಮುಖ ಕೆಂಪಾಗಿತ್ತು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಬಣ್ಣದ ಪದರಗಳನ್ನು, ತಾಳೆಯಾಗದ ಗೋಡೆಯನ್ನು ವಿವರಿಸಿ, ನನ್ನ ನಕ್ಷೆಯ ಪ್ರತಿಯನ್ನು ಅಧ್ಯಕ್ಷೆಯ ಮುಂದಿಟ್ಟೆ. ಸಿಟ್ಟಿಗೆ ನನ್ನ ಡಚ್ಚು ಅಲ್ಲಲ್ಲಿ ಮುರಿದುಬಿತ್ತು, ಯಾರೂ ತಿದ್ದಲಿಲ್ಲ. ಸಮಿತಿ ತೀರ್ಮಾನವನ್ನು ಮುಂದೂಡಿ ಬೇರೊಬ್ಬ ತಜ್ಞನನ್ನು ಕಳಿಸಿತು. ಅವನು ಗೋಡೆ ಬಿಚ್ಚಿಸಿದ. ತಿಜೋರಿ ಖಾಲಿಯಿತ್ತು, ಆದರೆ ಇತ್ತು. ಮನೆ ಸ್ಮಾರಕಗಳ ಪಟ್ಟಿಗೆ ಸೇರಿತು.

ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕೆಲಸ ಕಡಿಮೆ ಎಂದು ಕಾರಣ ಕೊಟ್ಟರು, ಬೀಳ್ಕೊಡುವಾಗ ಹೂಗುಚ್ಛವನ್ನೂ ಕೊಟ್ಟರು. ಅದೃಷ್ಟಕ್ಕೆ ಗಡುವು ಮುಗಿಯುವ ಮೊದಲೇ ಮಾಸ್ಟ್ರಿಕ್ಟ್‌ನಲ್ಲಿ ಕಟ್ಟಡ ದುರಸ್ತಿ ಮಾಡುವವರ ಬಳಿ ಕೆಲಸ ಸಿಕ್ಕಿತು. ಹೋರಾಡಿದೆ, ಗೆದ್ದೆ ಎಂದು ಎದೆಯುಬ್ಬಿಸಿಕೊಂಡು ಒಂದು ವರ್ಷ ಓಡಾಡಿದೆ.

ಆಮೇಲೆ ಅವಳ ಫೋನ್ ಬಂತು.

"ಖಾಲಿ ಮಾಡು ಅಂದಿದಾರೆ. ಸ್ಮಾರಕದೊಳಗೆ ನೀರು, ಹಬೆ, ಕೂದಲಿಗೆ ಹಚ್ಚೋ ಬಣ್ಣ ಇವೆಲ್ಲ ಕೂಡದಂತೆ. ಮರಕ್ಕೆ ಕೆಟ್ಟದ್ದಂತೆ. ಕೋಣೆಯನ್ನ ಮೊದಲಿದ್ದ ಹಾಗೆ ಮಾಡ್ತಾರಂತೆ, ನೋಡೋರಿಗೆ."

"ನೀನು?"

"ನಾನು ಹಳದಿಯಂತೆ."

ಪುರಸಭೆಯವರು ನನ್ನದೇ ನಕ್ಷೆಯನ್ನು ಹೊರತೆಗೆದಿದ್ದರು. ಕಟಕಟೆ ನೀಲಿ, ಬೆಂಚು ನೀಲಿ. ಬೇಸಿನ್ನು, ಕನ್ನಡಿ, ಯಂತ್ರ ಹಳದಿ, ಅಂದರೆ ಹೋದರೂ ಒಂದೇ. ಮೊದಲು ಮನೆ ಕೆಡವಿ ಅವಳನ್ನು ಹೊರಹಾಕಲು ಹೊರಟವರು ಈಗ ಮನೆ ಉಳಿಸಿ ಹೊರಹಾಕಿದರು. ಆ ಕೋಣೆಯಲ್ಲಿ ಊರಿನವರು ಬಂದು ಕೂರುವುದು ಬ್ಯಾಂಕಿನ ಕಾಲದಿಂದ ಒಮ್ಮೆಯೂ ನಿಂತಿರಲಿಲ್ಲ. ಅದಕ್ಕೆ ನಮ್ಮ ಡಬ್ಬಿಯಲ್ಲಿ ಬಣ್ಣವಿಲ್ಲ. ಯಾರು ಮಾಡಿದರೋ ಈ ನಿಯಮ, ಅವರ ಮನೆ ಹಾಳಾಗ! ಪತ್ರ ಬರೆದೆ, ಫೋನ್ ಮಾಡಿದೆ. ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಅವಳಿಗೆ ಜಾಗ ತೋರಿಸಿದರಂತೆ. ಅಲ್ಲಿಗೆ ವಾಕರು ತಳ್ಳಿಕೊಂಡು ಯಾರು ಹೋಗುತ್ತಾರೆ?

2018ರ ಸೆಪ್ಟೆಂಬರಿನಲ್ಲಿ, ಸ್ಮಾರಕಗಳನ್ನು ಎಲ್ಲರಿಗೂ ತೆರೆದಿಡುವ ದಿನ, ಕೋಣೆಯ ಉದ್ಘಾಟನೆ. ನನಗೂ ಆಹ್ವಾನ ಬಂತು, ಮೊದಲ ಸಾಲಿನಲ್ಲಿ ಕುರ್ಚಿ. ನಾನು ಬೇಗ ಹೋಗಿ ಒಳಗೆ ಇಣುಕಿದೆ. ಕಟಕಟೆ ಹೊಳೆಯುತ್ತಿತ್ತು. ಬೆಂಚಿನ ಮುಂದೆ ಕೆಂಪು ಹಗ್ಗ, ಕೂರಬಾರದೆಂಬ ಫಲಕ.

ಹೊರಗೆ ಬಂದರೆ ಎದುರಿನ ಕಾಲುದಾರಿಯಲ್ಲಿ ಅಡುಗೆಮನೆಯ ಕುರ್ಚಿಯೊಂದನ್ನು ಹಾಕಿಕೊಂಡು ಸಲೂನಿನವಳು ಒಬ್ಬ ಅಜ್ಜಿಯ ಕೂದಲು ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ನೀರಿನ ಬಕೆಟ್ಟು. ವಾಕರುಗಳ ಸಾಲು ಮೂಲೆಯವರೆಗೆ. ಪುರಸಭೆಯ ಸಮವಸ್ತ್ರದವನೊಬ್ಬ ಬಂದು ಕೇಳಿದ:

"ಇಲ್ಲಿ ಕೂರಿಸೋಕೆ ಪರವಾನಗಿ ಇದೆಯಾ?"

"ಇಲ್ಲ," ಎಂದಳು ಕತ್ತರಿ ನಿಲ್ಲಿಸದೆ. "ಸಾಲಿನ ಕೊನೆಗೆ ಹೋಗು. ಸರದಿ ಬಂದಾಗ ಮಾತಾಡೋಣ."

ಅಜ್ಜಿಯರು ನಕ್ಕರು. ನಾನು ರಸ್ತೆ ದಾಟಿದೆ. ನನ್ನನ್ನು ಕಂಡ ಅಜ್ಜಿಯರು ಸಾಲಿನ ಮುಂದಕ್ಕೆ ತಳ್ಳಿದರು. ಕುರ್ಚಿಯಲ್ಲಿ ಕುಳಿತೆ. ಅವಳು ನನ್ನ ಕೊರಳಿಗೆ ಟವೆಲು ಸುತ್ತಿ, ತಲೆಗೆ ನೀರು ಚಿಮುಕಿಸಿ ಬಾಚತೊಡಗಿದಳು.

ಎದುರು ಬದಿಯಲ್ಲಿ ಭಾಷಣ ಸುರುವಾಯಿತು. ಗಡಿಸೀಮೆಯ ಮೊದಲ ಬ್ಯಾಂಕನ್ನು ಉಳಿಸಿಕೊಂಡ ಪುರಸಭೆಯ ದೂರದೃಷ್ಟಿ, ಊರಿನವರ ಸಹಕಾರ. ಕೊನೆಗೆ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಇದನ್ನು ಪತ್ತೆ ಮಾಡಿದವರು ಇಲ್ಲಿಯೇ ಇದ್ದಾರೆ, ಬಂದು ಹೂಗುಚ್ಛ ಸ್ವೀಕರಿಸಬೇಕು. ಜನ ಚಪ್ಪಾಳೆ ತಟ್ಟಿ ಮೊದಲ ಸಾಲಿನ ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ರಸ್ತೆಯ ಈಚೆಗೆ ತಿರುಗಿದರು. ಮೈಕಿನವನು ಮತ್ತೊಮ್ಮೆ ಹೆಸರು ಕೂಗಿದ.

"ತಲೆ ಅಲ್ಲಾಡಿಸ್ಬೇಡ," ಎಂದಳು ಅವಳು, ಕತ್ತರಿ ಎತ್ತಿಕೊಂಡು.

ನಾನು ಅಲ್ಲಾಡಿಸಲಿಲ್ಲ.